ಬ್ಯಾಂಕಾಕ್‌ನಲ್ಲಿ ಜಾಗದ ಹೆಸರು ಸರಿಯಾಗಿ ಹೇಳೋದು ಹೇಗೆ? ಅಪ್ಪ ಅಮ್ಮನ ಜೊತೆ 5 ದಿನ, ಸಲಹೆ ಬೇಕು

ಬೆಣ್ಣೆದೋಸೆ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಬ್ಯಾಂಕಾಕ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬೆಂಗಳೂರಿಂದ ನೇರ ವಿಮಾನ, 5 ದಿನ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರವಾಸ. ಅಪ್ಪನಿಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಹತ್ತಲು ಆಗಲ್ಲ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ನನಗೆ ನಿಜವಾಗಿ ಭಯ ಇರುವುದು ಮಾತಿನ ಬಗ್ಗೆ. 2 ವರ್ಷದ ಹಿಂದೆ ಆಫೀಸಿನವರ ಜೊತೆ ಹೋಗಿದ್ದೆ. ವಾಪಸ್ ಬರುವ ದಿನ ಒಬ್ಬನೇ ಟ್ಯಾಕ್ಸಿ ಹತ್ತಿ "ಸುವರ್ಣಭೂಮಿ" ಅಂದೆ. ನಾವು ಓದುವ ಹಾಗೇ, ಅಕ್ಷರ ಅಕ್ಷರ ಬಿಡಿಸಿ. ಚಾಲಕರಿಗೆ ಅರ್ಥ ಆಗಲಿಲ್ಲ. ವಿಮಾನ ಅಂತ ಕೈಯಲ್ಲಿ ತೋರಿಸಿದೆ. ತಲೆಯಾಡಿಸಿ ಹೊರಟರು. ಅರ್ಧ ಗಂಟೆ ಆದಮೇಲೆ ಬೋರ್ಡ್ ನೋಡಿದರೆ ಡಾನ್ ಮುವಾಂಗ್, ಅಂದರೆ ಇನ್ನೊಂದು ವಿಮಾನ ನಿಲ್ದಾಣ! ತಿರುಗಿಸಿಕೊಂಡು ಬಂದು ಬಾಗಿಲು ಮುಚ್ಚುವ ಮುಂಚೆ ಹೇಗೋ ತಲುಪಿದೆ. ಅಪ್ಪ ಅಮ್ಮ ಜೊತೆಗಿದ್ದಾಗ ಹಾಗೆ ಆಗಬಾರದು.

ಪ್ರಶ್ನೆಗಳು: ಹೆಸರುಗಳನ್ನು ಅವರಿಗೆ ಅರ್ಥ ಆಗುವ ಹಾಗೆ ಹೇಳುವುದು ಹೇಗೆ? ಮಂಡಿ ನೋವಿದ್ದವರಿಗೆ ಯಾವ ಸಾರಿಗೆ ಒಳ್ಳೆಯದು? ಅಮ್ಮನ ಊಟಕ್ಕೆ ಏನು ಮಾಡಲಿ?

ಕಾಫಿ ಲೋಟ
ಸುಮ್ನೆ ಮೊಬೈಲ್‌ನಲ್ಲಿ ಮ್ಯಾಪ್ ತೋರಿಸಿ. ಗ್ರ್ಯಾಬ್, ಬೋಲ್ಟ್ ಅನ್ನುವ ಟ್ಯಾಕ್ಸಿ ಆಪ್ ಎರಡೂ ಅಲ್ಲಿ ನಡೆಯುತ್ತವೆ. ಜಾಗ ಹಾಕಿದರೆ ಮಾತೇ ಬೇಕಿಲ್ಲ. ಉಚ್ಚಾರಣೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಸುಖುಮ್‌ವಿತ್ ವಾಸಿ
ಬೆಣ್ಣೆದೋಸೆ ಅವರೇ, ನಾನು ಇಲ್ಲೇ ಕೆಲಸ ಮಾಡಿಕೊಂಡು 9 ವರ್ಷ ಆಯಿತು. ಮೊದಲು ನಿಮ್ಮ ವಿಮಾನ ನಿಲ್ದಾಣದ ಹೆಸರು. ಸುವರ್ಣಭೂಮಿ ಅಂತ ಬರೆಯುತ್ತಾರೆ, ಆದರೆ ಹೇಳುವುದು ಸುವನ್ನಫೂಮ್. ಕೊನೆಯ 'ಇ' ಬಾಯಿಗೆ ಬರುವುದೇ ಇಲ್ಲ. ವಿಮಾನ ನಿಲ್ದಾಣಕ್ಕೆ ಸನಾಮ್ ಬಿನ್ ಅನ್ನುತ್ತಾರೆ, 'ಹಾರುವ ಮೈದಾನ' ಅಂತ ಅರ್ಥ. ಟ್ಯಾಕ್ಸಿಯವರಿಗೆ "ಸನಾಮ್ ಬಿನ್ ಸುವನ್ನಫೂಮ್" ಅಂದರೆ ಸಾಕು.

ಒಂದು ಮಾತು ಮುಖ್ಯ. ನಾನು ಬರೆದ 'ಫ' ಇಂಗ್ಲಿಷಿನ ಎಫ್ ಅಲ್ಲ. ನಮ್ಮ ಹಳೇ 'ಫಲ'ದ ಫ. ತುಟಿ ಮುಚ್ಚಿ 'ಪ' ಅಂದು ಉಸಿರು ಬಿಡಬೇಕು. ಇಂಗ್ಲಿಷ್ ಬೋರ್ಡಿನಲ್ಲಿ ಪಿ, ಎಚ್ ಅಕ್ಷರ ಒಟ್ಟಿಗೆ ಇದ್ದರೆ ಅದು ಈ ಫ. ಫೂಕೆತ್ ಊರಿನ ಹೆಸರೂ ಹೀಗೇ. ಟಿ, ಎಚ್ ಒಟ್ಟಿಗೆ ಇದ್ದರೆ ನಮ್ಮ ಥ. ಇಂಗ್ಲಿಷ್ ಓದುವವರು ಎಡವುವುದೇ ಇಲ್ಲಿ. ನಮಗೆ ಮಾತ್ರ ಅಕ್ಷರ ಮೊದಲೇ ಇದೆ. ಹೆಸರುಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ, ಇಂಗ್ಲಿಷಿನಲ್ಲಿ ಅಲ್ಲ.

ಕಾಫಿ ಲೋಟ ಅವರೇ, ಆಪ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ದೋಣಿಗೆ ಆಪ್ ಇಲ್ಲ, ಬೀದಿ ಬದಿಯ ಊಟದಂಗಡಿಗೂ ಇಲ್ಲ. ಅಲ್ಲಿ ಬಾಯಿಯೇ ಬೇಕು.

ರಾಗಿಮುದ್ದೆ
ಮಹಾಪ್ರಾಣ ನಮ್ಮ ಬಾಯಲ್ಲಿ ಎಲ್ಲಿದೆ ಹೇಳಿ? ಮಂಡ್ಯ ಕಡೆ ನಾವು 'ಬಾರತ', 'ದನ' ಅಂತಲೇ ಅನ್ನುವುದು. ಧನ ಅಂದರೂ ದನ, ದನ ಅಂದರೂ ದನ. ಬರೆಯಲು ಮಾತ್ರ ಇರುವ ಅಕ್ಷರ ಇಟ್ಟುಕೊಂಡು ಥಾಯ್ ಹೇಗೆ ಮಾತಾಡುವುದು?

ಲಿಪಿಪ್ರಿಯ
ಹೇಳಲ್ಲ ಅನ್ನುವುದು ಬೇರೆ, ಹೇಳಲು ಬರಲ್ಲ ಅನ್ನುವುದು ಬೇರೆ ರಾಗಿಮುದ್ದೆ ಅವರೇ. ನಮ್ಮ ಮೇಷ್ಟರು ಒಂದು ಪರೀಕ್ಷೆ ಮಾಡಿಸುತ್ತಿದ್ದರು. ತೆಳ್ಳಗಿನ ಕಾಗದದ ಚೂರು ಬಾಯಿ ಮುಂದೆ ಹಿಡಿಯಿರಿ. 'ಕ' ಅನ್ನಿ, ಕಾಗದ ಅಲ್ಲಾಡಬಾರದು. 'ಖ' ಅನ್ನಿ, ಕಾಗದ ಪಟಕ್ಕನೆ ಹಾರಬೇಕು. ಹತ್ತು ನಿಮಿಷ ಮಾಡಿದರೆ ಯಾರಿಗಾದರೂ ಬರುತ್ತದೆ.

ಸುಖುಮ್‌ವಿತ್ ವಾಸಿ
ಆ ಕಾಗದದ ಪರೀಕ್ಷೆ ಅಮ್ಮನಿಗೆ ಖಂಡಿತ ಮಾಡಿಸಿ. ಯಾಕೆ ಗೊತ್ತಾ? ಥಾಯ್ ಭಾಷೆಯಲ್ಲಿ ಕೈ ಅಂದರೆ ಕೋಳಿ. ಖೈ ಅಂದರೆ ಮೊಟ್ಟೆ. ಮಧ್ಯೆ ಇರುವುದು ಒಂದು ಉಸಿರು ಅಷ್ಟೇ. ಹಾಗೇ ಫೆತ್ ಅಂದರೆ ಖಾರ, ಪೆತ್ ಅಂದರೆ ಬಾತುಕೋಳಿ. "ಮೈ ಫೆತ್" ಅಂದರೆ ಖಾರ ಬೇಡ. ನೀವು "ಮೈ ಪೆತ್" ಅಂದರೆ ಬಾತುಕೋಳಿ ಬೇಡ ಅಂದುಕೊಂಡು ಖಾರ ಹಾಕಿಯೇ ಕೊಡುತ್ತಾರೆ.

ಸಸ್ಯಾಹಾರಿಗಳು ಬಾಯಿಪಾಠ ಮಾಡಬೇಕಾದ ಮಾತು ಕೆಲವೇ.
"ಕಿನ್ ಚೇ": ಚೇ ಊಟ ಮಾಡುತ್ತೇನೆ.
"ಮೈ ಸೈ ಖೈ": ಮೊಟ್ಟೆ ಹಾಕಬೇಡಿ.
"ಮೈ ಸೈ ನಾಮ್ ಪ್ಲಾ": ಮೀನಿನ ಸಾಸ್ ಹಾಕಬೇಡಿ. ಇದು ಬಹಳ ಮುಖ್ಯ. ಬರೀ ತರಕಾರಿ ಹುರಿದುಕೊಟ್ಟರೂ ಉಪ್ಪಿನ ಬದಲು ಇದನ್ನೇ ಹಾಕುತ್ತಾರೆ. ಫತ್ ಥೈ ನೂಡಲ್ಸ್‌ನಲ್ಲೂ ಇರುತ್ತದೆ.

ಅಮ್ಮನ ಮಗಳು
ಚೇ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಅಮ್ಮನಿಗೂ ಬೇಕು.

ಸುಖುಮ್‌ವಿತ್ ವಾಸಿ
ಚೀನೀ ಮೂಲದ ಬೌದ್ಧರ ವ್ರತದ ಊಟ ಅಕ್ಕ. ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇರಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಮಡಿ ಊಟ ಅಂದುಕೊಳ್ಳಿ. ಅಂಗಡಿ ಮುಂದೆ ಹಳದಿ ಬಾವುಟ ಇರುತ್ತದೆ, ಅದರಲ್ಲಿ ಕೆಂಪು ಅಕ್ಷರ. ದೂರದಿಂದ ನೋಡಿದರೆ ಇಂಗ್ಲಿಷಿನ 17 ಥರ ಕಾಣುತ್ತದೆ. ಪ್ಯಾಕೆಟ್‌ಗಳ ಮೇಲೂ ಅದೇ ಗುರುತು. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ 9 ದಿನದ ಚೇ ಹಬ್ಬ ಬರುತ್ತದೆ. ಆಗ ಚೀನೀ ಪೇಟೆ ಯಾವರಾತ್ ಪೂರ್ತಿ ಹಳದಿ ಬಾವುಟ.

ಇನ್ನೊಂದು ಪದ ಇದೆ, ಮಂಗ್‌ಸವಿರತ್. ಗಮನಿಸಿದಿರಾ? ಮಾಂಸ, ವಿರತಿ! ನಮ್ಮದೇ ಪದ. ಆದರೆ ಅದರಲ್ಲಿ ಮೊಟ್ಟೆ, ಹಾಲು ಇರಬಹುದು. ಅಮ್ಮಂದಿರಿಗೆ ಚೇ ಅನ್ನುವುದೇ ಸುರಕ್ಷಿತ.

ಕರಾವಳಿ ಗಾಳಿ
ಮಾಂಸವಿರತಿ! ಎಂಥ ಚಂದ ಮಾರಾಯ್ರೆ. ಇಂಥ ಪದ ಇನ್ನೂ ಇದ್ದರೆ ಹೇಳಿ.

ಲಿಪಿಪ್ರಿಯ
ಇದಕ್ಕೆ ಒಂದು ಲೆಕ್ಕ ಇದೆ. ಇದನ್ನು ಹಿಡಿದುಕೊಂಡರೆ ಅರ್ಧ ಬ್ಯಾಂಕಾಕ್ ಓದಬಹುದು. ನಾನು ಥಾಯ್ ಲಿಪಿ ಕಲಿಯುವಾಗ ಒಂದೊಂದಾಗಿ ಗುರುತು ಹಾಕಿಕೊಂಡದ್ದು.

ನಮ್ಮ ಗ, ಜ, ದ, ಬ ಅಲ್ಲಿ ಖ, ಛ, ಥ, ಫ ಆಗುತ್ತವೆ. ನಗರ → ನಖೋನ್. ಜಯ → ಛೈ. ದೇವಿ → ಥೇವೀ. ಬುಧ → ಫುತ್. ಭಾಷೆ → ಫಾಸಾ. ನಮ್ಮ ಪ ಅಲ್ಲಿ ಹೆಚ್ಚಾಗಿ ಬ ಆಗುತ್ತದೆ, ತ ಹೆಚ್ಚಾಗಿ ದ ಆಗುತ್ತದೆ. ಪುರಿ → ಬುರಿ, ಪಾಪ → ಬಾಪ್, ತಾರಾ → ದಾರಾ. ಶ, ಷ, ಸ ಮೂರೂ ಒಂದೇ ಸ. ಪದದ ಕೊನೆಯಲ್ಲಿ ಬಂದರೆ ತ್. ದೇಶಕ್ಕೆ ಅವರು ಹೇಳುವುದು ಪ್ರಥೇತ್, ಅದು ನಮ್ಮ ಪ್ರದೇಶ. ಕೊನೆಯ ರ, ಲ ಬಂದರೆ ನ್. ಆಹಾರ → ಆಹಾನ್.

ಈಗ ರೈಲಿನ ನಿಲ್ದಾಣಗಳ ಹೆಸರು ನೋಡಿ. ಅಸೋಕ್, ನಮ್ಮ ಅಶೋಕ. ರಾತ್ಛಥೇವೀ, ರಾಜದೇವಿ. ಫ್ಲೋನ್ ಚಿತ್, ಇದರ ಎರಡನೇ ಪದ ನಮ್ಮ ಚಿತ್ತ. ಚತುಚಕ್ ಮಾರುಕಟ್ಟೆ ಎಲ್ಲರಿಗೂ ಗೊತ್ತು. ಅದು ಚತುರ್, ಚಕ್ರ. 12 ವರ್ಷಕ್ಕೆ ಒಂದು ಸುತ್ತು. ಆಗಿನ ರಾಜರಿಗೆ 1975ರಲ್ಲಿ ನಾಲ್ಕು ಸುತ್ತು, ಅಂದರೆ 48 ವರ್ಷ ತುಂಬಿತು. ಆ ನೆನಪಿಗೆ ಅಲ್ಲಿ ಉದ್ಯಾನ ಆಯಿತು, ಅದಕ್ಕೇ ಆ ಹೆಸರು.

ವಾರಗಳನ್ನು ಕೇಳಿ. ಆಥಿತ್, ಚನ್, ಅಂಗ್‌ಖಾನ್, ಫುತ್, ಫರುಹತ್, ಸುಕ್, ಸಾವ್. ಆದಿತ್ಯ, ಚಂದ್ರ, ಅಂಗಾರ, ಬುಧ, ಬೃಹಸ್ಪತಿ, ಶುಕ್ರ, ಶನಿ. ನಮ್ಮ ಪಂಚಾಂಗವೇ.

ಬೆಣ್ಣೆದೋಸೆ
ಅಮ್ಮನಿಗೆ ಇದನ್ನು ಓದಿ ಹೇಳಿದೆ. ಕಾಗದದ ಚೂರು ಹಿಡಿದುಕೊಂಡು ಅಡುಗೆಮನೆಯಲ್ಲಿ "ಕೈ, ಖೈ" ಅಂತ ಅಭ್ಯಾಸ ಶುರು ಮಾಡಿದ್ದಾರೆ. ಲಿಪಿಪ್ರಿಯ ಅವರೇ, ಹಾಗಾದರೆ ಬ್ಯಾಂಕಾಕ್ ಅನ್ನುವುದು ಏನು?

ಲಿಪಿಪ್ರಿಯ
ಅದು ಹೊರಗಿನವರು ಕರೆಯುವ ಹೆಸರು. ಅವರು ಹೇಳುವುದು ಕ್ರುಂಗ್ ಥೇಪ್. ಥೇಪ್ ಅಂದರೆ ದೇವ. ದೇವರ ನಗರ ಅಂತ. 1782ರಲ್ಲಿ ಮೊದಲನೇ ರಾಮ ಅನ್ನುವ ರಾಜ ರಾಜಧಾನಿಯನ್ನು ಇಲ್ಲಿಗೆ ತಂದರು. ಪೂರ್ತಿ ಹೆಸರು ಬಹಳ ಉದ್ದ. ಅದರ ತುಣುಕುಗಳನ್ನು ನಮ್ಮ ಉಚ್ಚಾರಣೆಗೆ ತಂದರೆ ಹೀಗಿದೆ: ಮಹಾನಗರ, ಅಮರ ರತ್ನ, ಮಹೇಂದ್ರ, ಅಯೋಧ್ಯಾ, ನವರತ್ನ ರಾಜಧಾನಿ, ಪುರಿ ರಮ್ಯ, ಉತ್ತಮ ರಾಜನಿವೇಶನ ಮಹಾಸ್ಥಾನ, ಅಮರ ವಿಮಾನ, ಅವತಾರ. ಕೊನೆಗೆ ಇಂದ್ರ ಕೊಟ್ಟ, ವಿಶ್ವಕರ್ಮ ಕಟ್ಟಿದ ಊರು ಅಂತ ಮುಗಿಯುತ್ತದೆ. ಕನ್ನಡ ಓದಿದ ಯಾರಿಗೇ ಆಗಲಿ ಅರ್ಥಕೋಶ ಬೇಕಿಲ್ಲ ಅಲ್ವಾ?

ರಾಗಿಮುದ್ದೆ
ಇದು ಸಂಸ್ಕೃತ ಬಂತು ಅಂತ ಹೇಳಿ, ಕನ್ನಡ ಅಂತ ಬೇಡ. ನನ್ನ ವಾದ ಅದೇ. ಮಹಾಪ್ರಾಣ ಸಂಸ್ಕೃತದ ಪದಗಳ ಜೊತೆ ಬಂದದ್ದು, ಅದನ್ನು ನಮ್ಮ ಆಡುಮಾತಿನ ಮೇಲೆ ಹೇರಬಾರದು. ಶಾಲೆಯಲ್ಲಿ 'ಬಾಶೆ' ಅಂದ ಮಗುವಿಗೆ ತಪ್ಪು ಅಂತ ಗದರುವುದನ್ನು ನಾನು ಒಪ್ಪಲ್ಲ.

ಲಿಪಿಪ್ರಿಯ
ಮಗುವನ್ನು ಗದರಬಾರದು, ಅದರಲ್ಲಿ ನಾನು ನಿಮ್ಮ ಜೊತೆಗೇ ಇದ್ದೇನೆ. ಆದರೆ ಅಕ್ಷರ ಕೈಯಲ್ಲಿ ಇರುವಾಗ ಬಿಡುವುದು ಯಾಕೆ? ತಮಿಳು ಲಿಪಿಯಲ್ಲಿ ಕ, ಖ ಎರಡಕ್ಕೂ ಒಂದೇ ಅಕ್ಷರ. ನಮ್ಮಲ್ಲಿ ಬೇರೆ ಬೇರೆ ಇದೆ, ಹೊರದೇಶದಲ್ಲಿ ಅದು ಹೀಗೆ ಉಪಯೋಗಕ್ಕೆ ಬರುತ್ತದೆ.

ಕಾಫಿ ಲೋಟ
ಈ ಜಗಳ ಇನ್ನೊಂದು ಕಡೆ ಆಡೋಣ. ಅಪ್ಪನ ಮಂಡಿ ವಿಷಯ ಯಾರೂ ಹೇಳಲಿಲ್ಲ.

ಮೂರನೇ ಕ್ಲಾಸ್ ಬೋಗಿ
ನಾನು ಹೇಳುತ್ತೇನೆ. ಸುವನ್ನಫೂಮ್‌ನ ನೆಲಮಾಳಿಗೆಯಲ್ಲೇ ಏರ್‌ಪೋರ್ಟ್ ರೈಲ್ ಲಿಂಕ್ ಇದೆ. 2010ರಿಂದ ಓಡುತ್ತಿದೆ. ಫಯಾ ಥೈ ನಿಲ್ದಾಣಕ್ಕೆ ಸುಮಾರು ಅರ್ಧ ಗಂಟೆ, ಟಿಕೆಟ್ 45 ಬಾತ್ (ಅಲ್ಲಿನ ದುಡ್ಡು). ಅಲ್ಲಿಂದ ಮೇಲಿನ ರೈಲು, ಬಿಟಿಎಸ್. ಆದರೆ ಸೂಟ್‌ಕೇಸ್, ಮಂಡಿ ನೋವು ಎರಡೂ ಇದ್ದರೆ ಮೊದಲ ದಿನ ಟ್ಯಾಕ್ಸಿಯೇ ಸರಿ. ಮೀಟರ್ 35 ಬಾತ್‌ನಿಂದ ಶುರು. ವಿಮಾನ ನಿಲ್ದಾಣದ ಶುಲ್ಕ, ಟೋಲ್ ಬೇರೆ ಕೊಡಬೇಕು.

ಊರೊಳಗೆ ಎರಡು ರೈಲು. ಬಿಟಿಎಸ್ ಮೇಲೆ ಓಡುತ್ತದೆ, 1999ರಲ್ಲಿ ಶುರುವಾಯಿತು. ಎಂಆರ್‌ಟಿ ಕೆಲವು ಕಡೆ ನೆಲದಡಿ, ಕೆಲವು ಕಡೆ ಮೇಲೆ, 2004ರಲ್ಲಿ ಬಂತು. ಎಂಆರ್‌ಟಿಗೆ ನಮ್ಮ ಮೆಟ್ರೋ ಥರ ದುಂಡಗಿನ ಟೋಕನ್ ಕೊಡುತ್ತಾರೆ, ಕಪ್ಪು ಬಣ್ಣದ್ದು. ಎರಡರ ಟಿಕೆಟ್ ಬೇರೆ ಬೇರೆ, ಇದೊಂದು ತಲೆನೋವು.

ಮಂಡಿಗೆ ನನ್ನ ಸಲಹೆ: ಸನಾಮ್ ಛೈ ನಿಲ್ದಾಣ. 2019ರಲ್ಲಿ ತೆರೆದದ್ದು. ಒಳಗೆ ಅರಮನೆಯ ಹಜಾರದ ಥರ ಕಂಬಗಳು. ಲಿಫ್ಟ್ ಇದೆ. ಮೇಲೆ ಬಂದರೆ ವಾತ್ ಫೋ ದೇವಾಲಯ ಹತ್ತಿರವೇ.

ಅಯುತ್ಥಯಾಗೆ ಒಂದು ದಿನ ಹೋಗಿ. ನಮ್ಮ ಅಯೋಧ್ಯೆಯ ಹೆಸರೇ. 1350ರಿಂದ 1767ರವರೆಗೆ ರಾಜಧಾನಿಯಾಗಿತ್ತು, ಆಮೇಲೆ ಬರ್ಮಾದ ಸೇನೆ ಸುಟ್ಟುಹಾಕಿತು. ನಮ್ಮ ಹಂಪಿ ನೋಡಿದವರಿಗೆ ಅಲ್ಲಿ ನಿಂತರೆ ಎದೆ ಭಾರ ಆಗುತ್ತದೆ. ಹುವಾ ಲಾಂಫೋಂಗ್ ನಿಲ್ದಾಣದಿಂದ ಎಲ್ಲಾ ರೈಲು ಸಿಗುತ್ತವೆ.

ಸುಖುಮ್‌ವಿತ್ ವಾಸಿ
ಒಂದು ತಿದ್ದುಪಡಿ ಸರ್. 2023ರ ಜನವರಿಯಿಂದ ದೂರದ ರೈಲುಗಳು ಕ್ರುಂಗ್ ಥೇಪ್ ಅಫಿವತ್ ಅನ್ನುವ ಹೊಸ ದೊಡ್ಡ ನಿಲ್ದಾಣಕ್ಕೆ ಹೋಗಿವೆ. ಹುವಾ ಲಾಂಫೋಂಗ್‌ನಿಂದ ಸಾಮಾನ್ಯ ರೈಲುಗಳು ಕೆಲವು ಮಾತ್ರ. ಅಯುತ್ಥಯಾಗೆ ಅವೇ ಸಾಕು, ಆದರೆ ವೇಳಾಪಟ್ಟಿ ನೋಡಿಕೊಂಡು ಹೋಗಿ.

ಮೂರನೇ ಕ್ಲಾಸ್ ಬೋಗಿ
ಸರಿ, ನಾನು ಅಯುತ್ಥಯಾಗೆ ಹೋದದ್ದು 2018ರಲ್ಲಿ. ತಿದ್ದಿದ್ದಕ್ಕೆ ಧನ್ಯವಾದ.

ಹುಬ್ಬಳ್ಳಿ ಮಂದಿ
ಟುಕ್ ಟುಕ್ ಒಮ್ಮೆ ಹತ್ತಲೇಬೇಕು. ನಮ್ಮ ಆಟೋದ ಅಣ್ಣ ಇದ್ದ ಹಾಗೆ.

ಅಮ್ಮನ ಮಗಳು
ಹತ್ತಿ, ಆದರೆ ರಾಜರ ಅರಮನೆ (ಗ್ರ್ಯಾಂಡ್ ಪ್ಯಾಲೇಸ್) ಹತ್ತಿರ ಹತ್ತಬೇಡಿ. ಅಲ್ಲಿ ಚೆನ್ನಾಗಿ ಬಟ್ಟೆ ಹಾಕಿದವರು ಒಬ್ಬರು ಬಂದು "ಇವತ್ತು ಅರಮನೆ ಮುಚ್ಚಿದೆ, ಪೂಜೆ ಇದೆ" ಅನ್ನುತ್ತಾರೆ. ಕಡಿಮೆ ದುಡ್ಡಿಗೆ ಬೇರೆ ದೇವಾಲಯ ತೋರಿಸುತ್ತೇನೆ ಅಂತ ಟುಕ್ ಟುಕ್ ಹತ್ತಿಸುತ್ತಾರೆ. ಕೊನೆಗೆ ಹೋಗಿ ನಿಲ್ಲುವುದು ಹರಳಿನ ಅಂಗಡಿ, ಇಲ್ಲಾಂದ್ರೆ ದರ್ಜಿ ಅಂಗಡಿ. ನಮಗೆ ಹಾಗೇ ಆಯಿತು. ಎರಡು ಗಂಟೆ ಹೋಯಿತು, ಅಮ್ಮ ಬಿಸಿಲಿಗೆ ಸುಸ್ತಾದರು, ಅರಮನೆ ನೋಡಲೇ ಇಲ್ಲ. ಈಗಲೂ ನೆನಪಾದರೆ ಬೇಜಾರು. ಯಾರು ಏನೇ ಹೇಳಲಿ, ಟಿಕೆಟ್ ಕೌಂಟರ್‌ವರೆಗೂ ನೀವೇ ನಡೆದು ಹೋಗಿ ನೋಡಿ. ಸಾಮಾನ್ಯವಾಗಿ ಮುಚ್ಚಿರಲ್ಲ.

ಟಿಕೆಟ್ 500 ಬಾತ್, ಮಧ್ಯಾಹ್ನ ಮೂರೂವರೆಗೆ ಮಾರಾಟ ನಿಲ್ಲುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲೇಬೇಕು. ಒಳಗಿನ ಗೋಡೆಗಳ ಮೇಲೆ ಅವರ ರಾಮಾಯಣ ರಾಮಕಿಯೆನ್ ಪೂರ್ತಿ ಚಿತ್ರ ಬರೆದಿದೆ. ಅಮ್ಮನಿಗೆ ಹನುಮಂತನನ್ನು ಹುಡುಕಲು ಹೇಳಿ, ಕಾಲು ನೋವು ಮರೆಯುತ್ತಾರೆ.

ಹುಬ್ಬಳ್ಳಿ ಮಂದಿ
ಹಂಗಾದ್ರೆ ನಾನು ಹೇಳಿದ್ದು ಅರ್ಧ ಸರಿ. ಹತ್ತೋ ಮುಂಚೆ ರೇಟು ಮಾತಾಡ್ಕೊಳ್ಳಿ, "ಥಾವ್ ರೈ" ಅಂದ್ರ ಎಷ್ಟು ಅಂತ.

ಕರಾವಳಿ ಗಾಳಿ
ದೋಣಿ ಬಗ್ಗೆ ಯಾರೂ ಬರೆಯಲೇ ಇಲ್ಲ! ನನಗೆ ಬ್ಯಾಂಕಾಕ್ ಅಂದರೆ ದೋಣಿ. ಚಾವ್ ಫ್ರಯಾ ನದಿಯ ಮೇಲೆ ಕಿತ್ತಳೆ ಬಾವುಟದ ದೋಣಿ ಹತ್ತಿ. ಬಿಟಿಎಸ್‌ನ ಸಫಾನ್ ತಾಕ್ಸಿನ್ ನಿಲ್ದಾಣದ ಕೆಳಗೇ ಸಾಥೋನ್ ದೋಣಿಕಟ್ಟೆ ಇದೆ. ಸಫಾನ್ ಅಂದರೆ ಸೇತುವೆ. ಅರಮನೆಗೆ ಥಾ ಛಾಂಗ್, ವಾತ್ ಫೋಗೆ ಥಾ ತಿಯನ್. ಥಾ ಅಂದರೆ ಕಟ್ಟೆ, ಛಾಂಗ್ ಅಂದರೆ ಆನೆ. ಥಾ ತಿಯನ್‌ನಿಂದ ಆಚೆ ದಡದ ವಾತ್ ಅರುಣ್‌ಗೆ ಚಿಕ್ಕ ದೋಣಿ ಇದೆ. ಅರುಣೋದಯದ ಅರುಣನೇ. ಮೆಟ್ಟಿಲು ಬಹಳ ಕಡಿದು, ಅಪ್ಪ ಕೆಳಗೇ ಕೂತು ನೋಡಲಿ.

ಇನ್ನೊಂದು ದೋಣಿ ಸೇನ್ ಸೇಪ್ ಕಾಲುವೆಯದು. ಅದು ಪ್ರವಾಸಿಗರದ್ದಲ್ಲ, ಆಫೀಸಿಗೆ ಹೋಗುವವರದು. ಕಟ್ಟೆಗೆ ಬಂದು ಪೂರ್ತಿ ನಿಲ್ಲುವುದೇ ಇಲ್ಲ, ಹಗ್ಗ ಒಂದು ಸುತ್ತು ಸುತ್ತಿದ ಹಾಗೆ ಮಾಡುತ್ತಾರೆ, ಅಷ್ಟರಲ್ಲಿ ಜಿಗಿಯಬೇಕು. ಎರಡೂ ಬದಿಗೆ ಟಾರ್ಪಾಲು ಕಟ್ಟಿರುತ್ತದೆ. ಎದುರಿಂದ ದೋಣಿ ಬಂತು ಅಂದರೆ ಅಂಚಿನಲ್ಲಿ ಕೂತವರು ಹಗ್ಗ ಜಗ್ಗಿ ಟಾರ್ಪಾಲು ಮೇಲೆತ್ತುತ್ತಾರೆ, ಇಲ್ಲಾಂದ್ರೆ ಕಾಲುವೆ ನೀರು ಮುಖಕ್ಕೆ. ನಾನು ಅಂಚಿನಲ್ಲೇ ಕೂತಿದ್ದೆ. ಪಕ್ಕದ ಅಜ್ಜಿ ಏನೂ ಹೇಳದೆ ಹಗ್ಗ ನನ್ನ ಕೈಗೆ ಕೊಟ್ಟರು. ಆ ಅರ್ಧ ಗಂಟೆ ಆ ಕೆಲಸ ನನ್ನದಾಯಿತು. ಇಳಿಯುವಾಗ ಅಜ್ಜಿ ಹಗ್ಗ ವಾಪಸ್ ತಗೊಂಡು ನಕ್ಕರು. ಆ ನಗು ಇನ್ನೂ ಕಣ್ಣ ಮುಂದೆ ಇದೆ.

ಸುಖುಮ್‌ವಿತ್ ವಾಸಿ
ಕಾಲುವೆ ದೋಣಿ ಮಂಡಿ ನೋವಿನವರಿಗೆ ಬೇಡ. ನದಿ ದೋಣಿ ಆಗಬಹುದು. ದೋಣಿಯಲ್ಲಿ ಭಿಕ್ಷುಗಳಿಗೆ ಅಂತ ಜಾಗ ಬಿಟ್ಟಿರುತ್ತಾರೆ, ಅಲ್ಲಿ ನಿಲ್ಲಬೇಡಿ. ಹೆಂಗಸರು ಭಿಕ್ಷುಗಳನ್ನು ಮುಟ್ಟುವ ಹಾಗಿಲ್ಲ.

ಆಮೇಲೆ ಒಂದು ಎಚ್ಚರಿಕೆ. ದಾರಿ ಕೇಳಿದಾಗ "ಕ್ಲೈ" ಅಂದರೆ ದೂರ. "ಕ್ಲೈ" ಅಂದರೆ ಹತ್ತಿರ. ತಪ್ಪು ಬರೆದದ್ದಲ್ಲ! ಸ್ವರ, ಅಂದರೆ ದನಿಯ ಏರಿಳಿತ ಮಾತ್ರ ಬೇರೆ. ಸಮವಾಗಿ ಎಳೆದರೆ ದೂರ. ಮೇಲಿಂದ ಕೆಳಗೆ ಬೀಳಿಸಿದರೆ ಹತ್ತಿರ. ನಮ್ಮ ಅಕ್ಷರ ಇಲ್ಲಿ ಕೈಕೊಡುತ್ತದೆ. ಥಾಯ್‌ನಲ್ಲಿ 5 ಸ್ವರ. ಅದಕ್ಕೇ ಅವರು ಕೈಯಲ್ಲಿ ಹೇಗೆ ತೋರಿಸುತ್ತಾರೆ ಅಂತ ಮುಖ, ಕೈ ನೋಡಿಕೊಂಡೇ ಕೇಳಿ.

ಕಾಫಿ ಲೋಟ
ನೋಡಿ, ಇದಕ್ಕೇ ನಾನು ಮ್ಯಾಪ್ ಅಂದದ್ದು. 5 ದಿನಕ್ಕೆ 5 ಸ್ವರ ಯಾರು ಕಲಿಯುತ್ತಾರೆ?

ಅಮ್ಮನ ಮಗಳು
ಪೂರ್ತಿ ಕಲಿಯಬೇಕಿಲ್ಲ. ಅರ್ಧ ಹೇಳಿದರೂ ಅವರ ಮುಖ ಅರಳುತ್ತದೆ. ಹೋಟೆಲಿನ ವಿಳಾಸ ಮಾತ್ರ ಥಾಯ್ ಲಿಪಿಯಲ್ಲಿ ಬರೆಸಿಕೊಂಡು ಇಬ್ಬರ ಜೇಬಿನಲ್ಲೂ ಇಡಿ. ಮ್ಯಾಪ್ ಇದ್ದರೂ ಮೊಬೈಲ್ ಚಾರ್ಜ್ ಮುಗಿಯುತ್ತೆ ಅಲ್ವಾ?

ಕಾಫಿ ಲೋಟ
ಅದು ಒಪ್ಪಿದೆ.

ತೋಕ್ಯೋ ಕನ್ನಡಿಗ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳುತ್ತೇನೆ. ಜಪಾನಿನಲ್ಲಿ ಮಹಾಪ್ರಾಣ ಕೆಲಸಕ್ಕೆ ಬರಲ್ಲ, ನಮ್ಮ ದೀರ್ಘ ಬರುತ್ತದೆ. ಒಬಸನ್ ಅಂದರೆ ಚಿಕ್ಕಮ್ಮ, ಅತ್ತೆ. ಒಬಾಸನ್ ಅಂದರೆ ಅಜ್ಜಿ. ಒತ್ತಕ್ಷರವೂ ಹಾಗೇ. ಕಿತೆ ಅಂದರೆ 'ಬಾ', ಕಿತ್ತೆ ಅಂದರೆ ಅಂಚೆಚೀಟಿ. ನಮ್ಮ ಕಚೇರಿಗೆ ಬಂದ ಬೇರೆ ದೇಶದವರು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಮಗೆ 'ಹಳಿ', 'ಹಳ್ಳಿ' ಮನೆಯಲ್ಲೇ ಬಂದಿರುತ್ತದೆ. ಊರಿನ ಹೆಸರೂ ತೋಕ್ಯೋ, ಎರಡೂ ದೀರ್ಘ, ಟ ಅಲ್ಲ ತ.

ರಾಗಿಮುದ್ದೆ
ದೀರ್ಘ, ಒತ್ತು, ಇದು ನಮ್ಮ ಆಡುಮಾತಿನಲ್ಲೇ ಇರುವುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ತುಂಗಾತೀರ
ನಮ್ಮ ಯಜಮಾನರು ಹೋಟೆಲಿನ ಹುಡುಗಿ ಹೇಳಿದ್ದು ಕೇಳಿಕೊಂಡು ಎಲ್ಲರಿಗೂ "ಸವತ್‌ದೀ ಖಾ" ಅನ್ನುತ್ತಿದ್ದರು. ಗಂಡಸರು ಹಾಗೆ ಹೇಳಬಾರದಂತೆ, ಹೌದಾ?

ಸುಖುಮ್‌ವಿತ್ ವಾಸಿ
ಹೌದು ಅಕ್ಕ. ಹೇಳುವವರು ಗಂಡಸಾದರೆ ಕೊನೆಗೆ 'ಖ್ರಪ್', ಹೆಂಗಸಾದರೆ 'ಖಾ'. ಎದುರಿಗೆ ಯಾರಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ. ನಮ್ಮ 'ರೀ' ಇದ್ದ ಹಾಗೆ, ಅದಿಲ್ಲದಿದ್ದರೆ ಮಾತು ಒರಟು ಅನಿಸುತ್ತದೆ. ಸವತ್‌ದೀ ನಮ್ಮ 'ಸ್ವಸ್ತಿ'ಯಿಂದ ಬಂದದ್ದು. ಧನ್ಯವಾದಕ್ಕೆ "ಖೊಪ್ ಖುನ್".

ಕರೆಯುವುದೂ ನಮ್ಮ ಹಾಗೇ. ನಮಗಿಂತ ದೊಡ್ಡವರು 'ಫೀ', ಅಂದರೆ ಅಣ್ಣ, ಅಕ್ಕ ಎರಡೂ. ಚಿಕ್ಕವರು 'ನೋಂಗ್'. ವಯಸ್ಸಾದ ಅಂಗಡಿಯಮ್ಮನಿಗೆ 'ಪಾ', ಅಂದರೆ ದೊಡ್ಡಮ್ಮ. ಗುರುತಿಲ್ಲದವರನ್ನೂ ನಂಟಿನ ಹೆಸರಿಂದ ಕರೆಯುವ ಊರು ಅದು. ನನಗೆ ಇಲ್ಲಿ ಪರಕೀಯ ಅನಿಸದೆ ಇರಲು ಇದೇ ಕಾರಣ.

ಲಿಪಿಪ್ರಿಯ
ಛಿತ್ ಲೋಮ್ ನಿಲ್ದಾಣದ ಹತ್ತಿರ ಏರಾವನ್ ಗುಡಿ ತಪ್ಪಿಸಬೇಡಿ. ನಾಲ್ಕು ಮುಖದ ಬ್ರಹ್ಮ. ಅವರು 'ಫ್ರಾ ಫ್ರೋಮ್' ಅನ್ನುತ್ತಾರೆ. ನೋಡಿ, ಬ್ರಹ್ಮ, ಫ್ರೋಮ್, ಅದೇ ಲೆಕ್ಕ. 1956ರದ್ದು. ನಮ್ಮಲ್ಲಿ ಬ್ರಹ್ಮನಿಗೆ ಗುಡಿ ಸಿಗುವುದೇ ಅಪರೂಪ.

ಮೂರನೇ ಕ್ಲಾಸ್ ಬೋಗಿ
ಹೊರಡುವ ಮುಂಚೆ ಆನ್‌ಲೈನ್ ಆಗಮನ ಕಾರ್ಡ್ ತುಂಬಿ. 2025ರ ಮೇ ತಿಂಗಳಿಂದ ಕಡ್ಡಾಯ. ತಲುಪುವ ಮುಂಚಿನ 3 ದಿನದೊಳಗೆ ತುಂಬಬೇಕು, ಪೂರ್ತಿ ಉಚಿತ. ದುಡ್ಡು ಕೇಳುವ ತಾಣ ಬಂದರೆ ಅದು ಸರ್ಕಾರದ್ದಲ್ಲ.

ಬೆಣ್ಣೆದೋಸೆ
ಎಲ್ಲರಿಗೂ ಮನಸಾರೆ ಧನ್ಯವಾದ. ಹೋಗಿ ಬಂದು ಬರೆಯುತ್ತೇನೆ.

ಬೆಣ್ಣೆದೋಸೆ (6 ವಾರದ ನಂತರ)
ಹೋಗಿ ಬಂದೆವು. ಮಾತು ಕೊಟ್ಟಿದ್ದೆ, ಬರೆಯುತ್ತಿದ್ದೇನೆ.

ವಿಮಾನ ನಿಲ್ದಾಣದ ಒಳಗೆ ನಡೆಯುವಾಗ ಅಮ್ಮ ನಿಂತುಬಿಟ್ಟರು. ಎದುರಿಗೆ ಸಮುದ್ರ ಮಥನ. ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ಮಧ್ಯೆ ವಾಸುಕಿ. "ಇದು ನಮ್ಮೂರಲ್ಲಿ ಯಾಕೆ ಇಲ್ಲ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಾತ್ ಫೋದಲ್ಲಿ ಮಲಗಿದ ಬುದ್ಧ 46 ಮೀಟರ್ ಉದ್ದ. ಪಾದದಲ್ಲಿ ಮುತ್ತಿನ ಚಿಪ್ಪಿನಿಂದ ಮಾಡಿದ 108 ಗುರುತು. ಹಿಂದೆ ಸಾಲಾಗಿ 108 ಕಂಚಿನ ಬಟ್ಟಲು. ಅಪ್ಪ ಚಿಲ್ಲರೆ ತಗೊಂಡು ಒಂದೊಂದರಲ್ಲೂ ಒಂದೊಂದು ನಾಣ್ಯ ಹಾಕಿದರು. ಟಿಂಗ್, ಟಿಂಗ್ ಅಂತ ಆ ಸದ್ದು ಕೊನೆವರೆಗೂ. ಮಂಡಿ ನೋವು ಅಂತ ಒಂದು ಸಲವೂ ಅನ್ನಲಿಲ್ಲ. ಸನಾಮ್ ಛೈ ನಿಲ್ದಾಣ ಹೇಳಿದವರಿಗೆ ಅಪ್ಪನ ಪರವಾಗಿ ನಮಸ್ಕಾರ.

ರೈಲಿನಲ್ಲಿ "ಸಥಾನೀ ತೋ ಪೈ" ಅಂತ ಘೋಷಣೆ ಬಂತು. ಅಮ್ಮ ತಕ್ಷಣ "ಮುಂದಿನ ಸ್ಥಾನ ಅಂತ ತಾನೇ?" ಅಂದರು. ಹೌದು, ಮುಂದಿನ ನಿಲ್ದಾಣ ಅಂತಲೇ! ಒಂದು ಸಂಜೆ 6 ಗಂಟೆಗೆ ನಿಲ್ದಾಣದಲ್ಲಿ ರಾಷ್ಟ್ರಗೀತೆ ಬಂತು. ಎಲ್ಲರೂ ಇದ್ದಲ್ಲೇ ನಿಂತರು. ಅಪ್ಪನೂ ಕೋಲು ಊರಿ ನೆಟ್ಟಗೆ ನಿಂತರು. ಪಕ್ಕದಲ್ಲಿದ್ದ ಶಾಲಾ ಹುಡುಗ ಆಮೇಲೆ ಅಪ್ಪನಿಗೆ ಕೈ ಮುಗಿದು ಹೋದ.

ಊಟದ ಮಾತು. ಯಾವರಾತ್‌ನ ಹಿಂದಿನ ಗಲ್ಲಿಯಲ್ಲಿ ಹಳದಿ ಬಾವುಟ ಕಂಡಿತು. ಸುಮಾರು 70 ವರ್ಷದ ಅಂಗಡಿಯಮ್ಮ. ನಾನು ಬಾಯಿ ಬಿಡುವ ಮುಂಚೆ ಅಮ್ಮನೇ ಮುಂದೆ ಹೋಗಿ "ಪಾ, ಕಿನ್ ಚೇ ಖಾ. ಮೈ ಸೈ ಖೈ" ಅಂದರು. ಖೈ ಅನ್ನುವಾಗ ಉಸಿರು ಎಷ್ಟು ಜೋರಾಗಿ ಬಿಟ್ಟರು ಅಂದರೆ ನನಗೇ ಕೇಳಿಸಿತು. ಆಕೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಏನೋ ಕೇಳಿದರು. ಅಮ್ಮನಿಗೆ ಅರ್ಥ ಆಗಲಿಲ್ಲ, ನನಗೂ ಇಲ್ಲ. ಅಮ್ಮ "ಇಂಡಿಯಾ" ಅಂದರು. ಆಕೆ ಸ್ಟೂಲ್ ಒರೆಸಿ ಅಮ್ಮನನ್ನು ಕೂರಿಸಿದರು. ಅನ್ನ, ಹುರಿದ ತೋಫು, ಕಡಲೆಕಾಯಿ, ಮೂಲಂಗಿ ಸಾರು. ಎರಡನೇ ಸಲ ಕೇಳದೆಯೇ ಬಡಿಸಿದರು. ಮಾರನೇ ದಿನವೂ ಅಲ್ಲಿಗೇ ಹೋದೆವು, ಅದರ ಮಾರನೇ ದಿನವೂ. ಕೊನೆಯ ದಿನ ಅಮ್ಮ ಊರಿಂದ ತಂದಿದ್ದ ಚಟ್ನಿಪುಡಿ ಡಬ್ಬಿ ಅವರಿಗೆ ಕೊಟ್ಟು "ಫೆತ್, ಫೆತ್" ಅಂತ ಬೆರಳಲ್ಲಿ ತೋರಿಸಿದರು.

ವಾಪಸ್ ಬರುವಾಗ ಟ್ಯಾಕ್ಸಿ ಹತ್ತಿ "ಸನಾಮ್ ಬಿನ್ ಸುವನ್ನಫೂಮ್ ಖ್ರಪ್" ಅಂದೆ. ಚಾಲಕರು ತಿರುಗಿಯೂ ನೋಡದೆ ಹೊರಟರು. ನೇರ ಸುವನ್ನಫೂಮ್.

ಸುಖುಮ್‌ವಿತ್ ವಾಸಿ
ಓದಿ ಕಣ್ಣು ತುಂಬಿತು. ಆ ಗಲ್ಲಿ ನನಗೆ ಗೊತ್ತಿದೆ ಅನಿಸುತ್ತದೆ. ಈ ಶನಿವಾರ ಹೋಗಿ ಪಾ ಅವರನ್ನು ಹುಡುಕುತ್ತೇನೆ.

ಅಮ್ಮನ ಮಗಳು
ಚಟ್ನಿಪುಡಿ ಹೇಗಿತ್ತು ಅಂತ ಕೇಳಿ ಬನ್ನಿ ಅಣ್ಣ.

ರಾಗಿಮುದ್ದೆ
ಬೆಣ್ಣೆದೋಸೆ ಅವರೇ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ. ಮಹಾಪ್ರಾಣದ ಬಗ್ಗೆ ನನ್ನ ವಾದ ಹಾಗೇ ಇದೆ. ಆದರೆ ಕಾಗದದ ಪರೀಕ್ಷೆ ಮಾಡಿದೆ, ಬಂತು. ಡಿಸೆಂಬರ್‌ನಲ್ಲಿ ನಾವು ಚಿಯಾಂಗ್ ಮಾಯ್‌ಗೆ ಹೋಗುತ್ತಿದ್ದೇವೆ. ಅದನ್ನು ಹೇಳುವುದು ಹೇಗೆ?

ಲಿಪಿಪ್ರಿಯ
ಛಿಯಂಗ್ ಮೈ. ಮಹಾಪ್ರಾಣವೇ ರಾಗಿಮುದ್ದೆ ಅವರೇ, ಛತ್ರಿಯ ಛ. ಮೈ ಅನ್ನುವುದನ್ನು ತಗ್ಗಿದ ಸ್ವರದಲ್ಲಿ ಹೇಳಿ. ಹೊಸ ಊರು ಅಂತ ಅರ್ಥ.